ತಟ್ಟೆ ತುಂಬ ಗಾಳಿ

ಮುಂದಿನ ಸಾಲಿನ ದಪ್ಪ ಹೆಂಗಸು ಕೈಚೀಲದಿಂದ ಬಟ್ಟೆ ಕ್ಲಿಪ್ಪು ತೆಗೆದಳು, ಮರದ್ದು, ಹಳೆಯದು, ಫ್ರಾಕಿಗೆ ಒರೆಸಿ ಮಡಿಲಲ್ಲಿ ಇಟ್ಟುಕೊಂಡಳು, ಪಕ್ಕದ ಗಂಡಸಿನ ಜೇಬಿಗೆ ಒಂದು ಸಿಕ್ಕಿಕೊಂಡಿದೆ, ಅವನ ಹಿಂದಿನ ಮುದುಕನ ಟೋಪಿಯ ಅಂಚಿಗೆ ಎರಡು, ಗುಬ್ಬಚ್ಚಿ ಕೂತ ಹಾಗೆ — ಇವತ್ತು ಬ್ರಿಸ್ಬೇನಿನ ಅಷ್ಟೂ ಮನೆಯ ಬಟ್ಟೆ ತಂತಿಯಿಂದ ಜಾರಿ ಹುಲ್ಲಿನ ಮೇಲೆ ಬಿದ್ದಿರಬೇಕು, ಊರಿನ ಕ್ಲಿಪ್ಪೆಲ್ಲ ಈ ಸಭಾಂಗಣಕ್ಕೆ ಬಂದು ಕೂತಿದೆ, ಪರದೆಯ ಸಂದಿಯಿಂದ ನೋಡುತ್ತಿದ್ದೇನೆ, ಒಂದೇ ಕಣ್ಣಿಗೆ ಸಾಕಾಗುವಷ್ಟು ಸಂದಿ, ಎಷ್ಟು ಜನ, ಲಕ್ಷ ಇರಬಹುದು, ರಾಜಗೋಪಾಲನನ್ನು ಕೇಳಿದರೆ ಕೆಲವು ನೂರು ಅನ್ನುತ್ತಾನೆ, ಡಾಕ್ಟರಾದ ಮೇಲೆ ನನ್ನ ಮಗನ ಕಣ್ಣಿಗೆ ಎಲ್ಲವೂ ಸಣ್ಣದೇ, ನನ್ನ ಎದೆನೋವು ಕೂಡ ಅವನಿಗೆ ಬರೀ ಗ್ಯಾಸು, ಅಗೋ ಎರಡನೇ ಸಾಲಿನಲ್ಲಿ ಟೈ ಬಿಗಿದುಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಮೊಮ್ಮಗಳು ಮೈತ್ರೇಯಿ, ಕನ್ನಡದಲ್ಲಿ ಬೈದರೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಒಂದು ದೇಶದ ನೋಟು ಕೊಟ್ಟರೆ ಇನ್ನೊಂದು ದೇಶದ ಚಿಲ್ಲರೆ ವಾಪಸು ಬಂದ ಹಾಗೆ. ವೇದಿಕೆಯ ಮೇಲೆ ಕೆವ್ ಡ್ರಿಸ್ಕಲ್ ಗಿಟಾರು ತಬ್ಬಿಕೊಂಡು ಹಾಡುತ್ತಿದ್ದಾನೆ, ಪರ್ತಿನಲ್ಲಿ ನಮ್ಮ ಬೇಲಿಯಾಚೆ ಇದ್ದವನು, ಆಗ ಹಗಲು ಲಾರಿ, ಸಂಜೆ ಪಬ್ಬಿನಲ್ಲಿ ಹಳ್ಳಿಗಾಡಿನ ಹಾಡು, ಕೇಳುವವರು ಇವನನ್ನು ಬಿಟ್ಟು ಬಿಯರನ್ನೇ ನೋಡುತ್ತಿದ್ದರು, ಈಗ ಇವನು ಕೆಮ್ಮಿದರೂ ಚಪ್ಪಾಳೆ, ಎಲ್ಲ ಒಂದೇ ಒಂದು ಹಾಡಿನಿಂದ, ನನ್ನ ಹಾಡಿನಿಂದ, ಅದನ್ನು ಕೊನೆಗೆ ಹಾಡುತ್ತಾನಂತೆ, ಅದಕ್ಕೆ ಮೊದಲು ನಮ್ಮಿಬ್ಬರನ್ನೂ ಕರೆಯುತ್ತಾನಂತೆ, ನಾನು ಕನ್ನಡದ ಅಸಲಿ ಹಾಡನ್ನೇ ಹಾಡಬೇಕು, ಸೊಸೆ ಸಾಲುಸಾಲಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕು — ಹೇಳಲಿ, ನೋಡೇಬಿಡೋಣ, ಪಕ್ಕದಲ್ಲೇ ಕೂತಿದ್ದಾಳೆ ಇಂದಿರಾ, ನೀಲಿ ರೇಷ್ಮೆ, ಮಡಿಲಲ್ಲಿ ಪರ್ಸು, ಬೆನ್ನು ಕೋಲಿನ ಹಾಗೆ, ಇಷ್ಟು ವರ್ಷ ದೇಶಕ್ಕೆಲ್ಲ ಹೇಳಿಕೊಂಡು ಬಂದ ಸುಳ್ಳನ್ನು ಇವತ್ತು ನನ್ನ ಬಾಯಿಂದ ಬೈಗುಳ ಬೀಳುತ್ತಿರುವಾಗಲೇ ಹೇಗೆ ಹೇಳುತ್ತಾಳೋ, ಇವತ್ತು ಇವಳು ಒಡೆಯಬೇಕು, ಬಾಯಿಬಿಟ್ಟು ಅಳಬೇಕು ಇಲ್ಲ ಬಾಯಿಬಿಟ್ಟು ತಿರುಗಿ ಬೈಯಬೇಕು, ಎರಡರಲ್ಲಿ ಒಂದು ಆಗದಿದ್ದರೆ ನನ್ನ ನಾಲಿಗೆಯನ್ನು ಕಿತ್ತು ಕಸದ ಡಬ್ಬಿಗೆ ಹಾಕಲಿ, ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ, ಕಲ್ಲಾಗಿದ್ದರೂ ಇಷ್ಟು ಹೊತ್ತಿಗೆ ಒಂದು ಮಾತು ಆಡಿರುತ್ತಿತ್ತು.

ಬೈಗುಳವೇ ಅದು, ಮತ್ತೇನಲ್ಲ, ಬೀಗರ ಹಾಡು, ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಎದುರು ಪಕ್ಷದವರನ್ನು ಹಂಗಿಸಿ ಹಾಡುವುದು, ಗಂಡಿನ ಕಡೆಯವರು ಒಂದು ಎಸೆದರೆ ಹೆಣ್ಣಿನ ಕಡೆಯವರು ಎರಡು ಎಸೆಯಬೇಕು, ನಿಮ್ಮ ಮೂಗು ಬದನೆಕಾಯಿ ಅಂದರೆ ನಿಮ್ಮದು ಸೋರೆಕಾಯಿ ಅನ್ನಬೇಕು, ಸುಮ್ಮನಿದ್ದರೆ ಸೋತ ಹಾಗೆ, ಕೊನೆಗೆ ಎಲ್ಲ ನಕ್ಕು ಒಟ್ಟಿಗೆ ಹೋಳಿಗೆ ಮುರಿಯುವುದು, ಅಷ್ಟೇ — ಹಸೆ ಹಾಡು, ಆರತಿ ಹಾಡು ಮುತ್ತೈದೆಯರ ಪಾಲು, ನಾನು ರಾಜಗೋಪಾಲ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವಳು, ಮಂಟಪದ ಹತ್ತಿರ ಸುಳಿಯಬಾರದು, ಅಕ್ಷತೆಗೆ ಕೈ ಹಾಕಬಾರದು, ಹೆತ್ತ ಮಗನ ಧಾರೆಯನ್ನು ಮೈಸೂರಿನ ಆ ಛತ್ರದ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ, ಇದೇ ಥರ, ಒಂದೇ ಕಣ್ಣಿಗೆ ಸಾಕಾಗುವಷ್ಟು ಸಂದಿ, ಹಿಂದೆ ಸಾರಿನ ಕೊಪ್ಪರಿಗೆ ಕುದಿಯುತ್ತಿತ್ತು, ಮುಂದೆ ನಾದಸ್ವರ, ಅಹಲ್ಯಮ್ಮ ಮುಖ ತೋರಿಸಬೇಡಿ ಅಂತ ನಾದಿನಿ ಬಂದು ಹೇಳಿ ಹೋದಳು, ಮುಖ ತೋರಿಸಬಾರದು ಅಂದರು, ದನಿ ಕೇಳಿಸಬಾರದು ಅಂತ ಹೇಳುವುದನ್ನು ಮರೆತರು, ಬಾಗಿಲ ಹಿಂದಿನಿಂದಲೇ ಶುರು ಮಾಡಿದೆ ನೋಡಿ, ನಾದಸ್ವರದವನು ಊದುವುದನ್ನು ನಿಲ್ಲಿಸಿ ನಕ್ಕ, ಪುರೋಹಿತರ ಹೊಟ್ಟೆ ಕುಣಿದು ಜನಿವಾರ ಜಾರಿತು, ಛತ್ರದ ಹಂಚು ಹಾರಿ ಹೋಗುವಷ್ಟು ನಗು — ಬಂದಾಳೆ ಸೊಸೆ ಬಂದಾಳೆ, ಒರಳಿನಂಥ ಸೊಂಟ ಹೊತ್ತು ಬಂದಾಳೆ, ಅಡಿ ಹಿಡಿದ ಹಾಲಿನ ಬಣ್ಣ ತಂದಾಳೆ, ತಾಯಿಲ್ಲದ ತವರಿಂದ ಬಂದಾಳೆ, ತಟ್ಟೆ ತುಂಬ ಗಾಳಿ ತಂದಾಳೆ — ಅಲ್ಲಲ್ಲೇ ಕಟ್ಟಿದ್ದು, ಸ್ಕೂಲಿನ ಮುಖ ಸರಿಯಾಗಿ ನೋಡಿದವಳಲ್ಲ ನಾನು, ಕಟ್ಟುವುದಕ್ಕೆ ಕೂತರೆ ಮೈಸೂರಿನ ಪಂಡಿತರೆಲ್ಲ ಕೈಕಟ್ಟಿ ನಿಲ್ಲಬೇಕು, ಹೆಣ್ಣಿನ ಕಡೆಯಿಂದ ಉಡುಗೊರೆಯ ತಟ್ಟೆ ಅಂತ ಬಂದದ್ದರಲ್ಲಿ ನಾಲ್ಕು ಬಾಳೆಹಣ್ಣು, ಒಂದು ತೆಂಗಿನಕಾಯಿ, ಮಿಕ್ಕಿದ್ದು ಗಾಳಿಯೇ ಅಲ್ಲವಾ, ಸುಳ್ಳು ಹೇಳಿದೆನಾ, ಹಾಡಿ ಮುಗಿಸಿ ಕಾದೆ, ಈಗ ಬರುತ್ತೆ ಅವರ ಕಡೆಯ ಉತ್ತರ, ಮುಂಡೆಯ ನಾಲಿಗೆಗೆ ಮೂರು ಮೊಳ ಉದ್ದ ಅಂತಲೋ ಏನೋ ಒಂದು ಬರಲಿ, ಎದುರು ಹಾಡಲಿ, ನಾನೂ ಇದ್ದೇನೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ — ಬರಲೇ ಇಲ್ಲ, ಅವರ ಕಡೆ ಹಾಡುವ ಹೆಂಗಸೇ ಇರಲಿಲ್ಲ, ತಾಯಿ ಸತ್ತ ಮನೆ, ಒಬ್ಬ ಸೋದರಮಾವ, ಅವನ ಹಿಂದೆ ಇಬ್ಬರು ಗಂಡಸರು, ಮೂವರೂ ಕೆಮ್ಮಿದರು, ಅಷ್ಟೇ ಅವರ ಉತ್ತರ, ಹಸೆಮಣೆಯ ಮೇಲೆ ಇವಳು ತಲೆ ತಗ್ಗಿಸಿಕೊಂಡು ಕಾಲ್ಬೆರಳು ನೋಡುತ್ತಿದ್ದಳು, ಬಾಸಿಂಗದ ಮುತ್ತು ಕೂಡ ಅಲ್ಲಾಡಲಿಲ್ಲ, ಥೂ, ಎಂಥ ಸಪ್ಪೆ ಬೀಗರು, ಗೋಡೆಗೆ ಚೆಂಡು ಎಸೆದರೂ ವಾಪಸು ಬರುತ್ತೆ, ಇವರು ಗೋಡೆಗಿಂತ ಅತ್ತತ್ತ.

ಗಿಟಾರು ಬದಲಾಯಿಸಿಕೊಳ್ಳುತ್ತಿದ್ದಾನೆ, ಇನ್ನೂ ನಮ್ಮ ಸರದಿಯಲ್ಲ, ಯಾರೋ ಹುಡುಗಿ ಬಂದು ನೀರು ಕೊಟ್ಟಳು, ಗ್ರ್ಯಾಂಡ್‌ಮಾ ಅಂದಳು, ಇವಳ ಅಪ್ಪನ ಮದುವೆಗೆ ನಾನೇನು ಹೋಗಿದ್ದೆನಾ ಗ್ರ್ಯಾಂಡ್‌ಮಾ ಆಗುವುದಕ್ಕೆ, ನೀರು ತಣ್ಣಗೆ ಹಲ್ಲಿಗೆ ಹತ್ತಿತು, ಕಟ್ಟಿಸಿದ ಹಲ್ಲಿಗೂ ಚಳಿ ಹತ್ತುತ್ತದೆ ಅಂದರೆ ಮಗ ನಂಬುವುದಿಲ್ಲ — ಪರ್ತಿನಲ್ಲಿ ಸ್ವಂತ ಹಲ್ಲಿತ್ತು, ಮೋರ್ಲಿಯ ಆ ಇಟ್ಟಿಗೆ ಮನೆ, ಅಂಗಡಿ ಸಾಲಿಗೆ ಕೂಗಳತೆ, ಇಡೀ ಬೀದಿಗೆ ನಾವೊಬ್ಬರೇ ಕಪ್ಪು, ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿಗೆ ಆ ಊರಿನವರು ಡಾಕ್ಟರ್ ಅನ್ನುತ್ತಿದ್ದರು, ನನ್ನ ಮನೆಯಲ್ಲೂ ಒಬ್ಬ ಡಾಕ್ಟರ್, ಎರಡೂ ಬರುವುದು ಅರ್ವೋದಲ್ಲೇ, ಮಧ್ಯಾಹ್ನಕ್ಕೆ ಅಲ್ಲಿ ಹಾಗನ್ನುತ್ತಾರೆ, ಎರಡೂ ಬಾಗಿಲು ಬಡಿದು ಹೋಗುವವೇ — ಮಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಸಿದ್ದಲಿಂಗಯ್ಯ ಅಂತ ಇನ್ನೊಬ್ಬ ಡಾಕ್ಟರು, ಮೂಳೆಯವನು, ಹಾರ್ಮೋನಿಯಂ ಹುಚ್ಚು, ಆಸ್ಪತ್ರೆಯ ಜಾತ್ರೆಯಂಥ ಒಂದು ಹಬ್ಬಕ್ಕೆ ಅಂತ ನನ್ನನ್ನು ಕರೆದುಕೊಂಡು ಹೋಗಿ ಗಾಜಿನ ಕೋಣೆಯಲ್ಲಿ ಕೂರಿಸಿ ನನ್ನ ಹಾಡೆಲ್ಲ ರೆಕಾರ್ಡು ಮಾಡಿಸಿದ, ಅಮ್ಮಾ ಸ್ವಲ್ಪ ನಿಧಾನ ಹಾಡಿ ಅಂದ, ನಿಧಾನ ಬೈಯೋಕೆ ನಾನೇನು ಮೇಷ್ಟ್ರಾ ಅಂದೆ, ಇನ್ನೂ ಜೋರಾಗಿ ಓಡಿಸಿದೆ, ಹಾರ್ಮೋನಿಯಂ ದಮ್ಮಿನ ರೋಗಿಯ ಹಾಗೆ ನನ್ನ ಹಿಂದೆ ಓಡಿ ಬಂತು, ಅದನ್ನು ರೆಕಾರ್ಡು ಪ್ಲೇಟು ಮಾಡಿಸಿ ಹಬ್ಬದಲ್ಲಿ ಮಾರಿದ, ಕೊಂಡವರೆಲ್ಲ ಬಿಸಿ ಪಾತ್ರೆಯ ಅಡಿಗೆ ಇಟ್ಟುಕೊಂಡರು ಆ ಪ್ಲೇಟನ್ನ, ಬೇಲಿಯಾಚೆಯ ಕೆವ್ ಕೂಡ ಒಂದು ಕೊಂಡ, ಒಂದು ಸಲ ಹಾಕಿ ಕೇಳಿ, ಕೋಳಿಗೂಡಿಗೆ ನರಿ ನುಗ್ಗಿದ ಹಾಗಿದೆ ಅಂದನಂತೆ. ಇಂದಿರಾ ಆಗ ಬಸುರಿ. ಬಸುರಿ ಅಂದರೆ, ಸುಮ್ಮನೆ ಅಲ್ಲ, ಎರಡು ಮನೆ ತುಂಬುವಷ್ಟು ಹೊಟ್ಟೆ, ಹೆಣೆದದ್ದೂ ಹೆಣೆದದ್ದೇ, ಟೋಪಿ, ಕಾಲುಚೀಲ, ಇಷ್ಟಿಷ್ಟುದ್ದದ ಅಂಗಿ, ಮಗು ಉಸಿರಾಡದೆ ಹುಟ್ಟಿತು, ಗಂಡು, ಅಪ್ಪನೇ ಡಾಕ್ಟರು, ಊರಿನ ಗಾಳಿಯೂ ಡಾಕ್ಟರು, ಯಾರಿಂದಲೂ ಏನೂ ಆಗಲಿಲ್ಲ, ಮನೆಗೆ ಬಂದ ನಾಲ್ಕು ದಿನಕ್ಕೆ ಒಂದು ಬೆಳಿಗ್ಗೆ ಎದ್ದು ಆ ಅಂಗಿಗಳನ್ನೆಲ್ಲ ಒಗೆದಳು, ಯಾರೂ ಹಾಕಿಕೊಳ್ಳದ ಬಟ್ಟೆಗೆ ಯಾವ ಕೊಳೆ, ಒಗೆದು ಹಿಂಡಿ ಹಿತ್ತಲಿಗೆ ಒಯ್ದು, ಕೊಡೆಯ ಹಾಗೆ ತಿರುಗುವ ತಂತಿ ಇರುತ್ತದಲ್ಲ ಇಲ್ಲಿ ಎಲ್ಲರ ಹಿತ್ತಲಲ್ಲೂ, ಅದಕ್ಕೆ ಒಂದೊಂದಾಗಿ ನೇತುಹಾಕುತ್ತಾ ಕಿರುಚಿದಳು, ಅಳು ಅಲ್ಲ ಅದು, ಹಸುವನ್ನು ಕೊಯ್ದ ಹಾಗೆ, ಮೋರ್ಲಿಯಿಂದ ಮೈಸೂರಿಗೆ ಕೇಳಿಸಿರಬೇಕು, ಬೇಲಿಯಾಚೆ ಬೇಲಿಯಾಚೆ ಬಿಳಿ ತಲೆಗಳು ಎದ್ದವು, ಡಾಕ್ಟರ ಮನೆಯ ಮಾನ ಹಿತ್ತಲಲ್ಲಿ ತಿರುಗುತ್ತಿತ್ತು, ನಾನು ಹೋದೆ, ಬುಟ್ಟಿಯಿಂದ ಒಂದು ಕ್ಲಿಪ್ಪು ತೆಗೆದೆ, ಬಾಯಿ ತೆಗಿ ಅಂದೆ, ತೆಗೆದಳು, ಹಲ್ಲಿನ ನಡುವೆ ಅಡ್ಡ ಇಟ್ಟೆ, ಕಚ್ಕೊಂಡಿರು, ಬಟ್ಟೆ ಮುಗಿಯೋವರೆಗೂ ಬಿಡ್ಬೇಡ ಅಂದೆ, ಮತ್ತೇನು ಮಾಡಬೇಕಿತ್ತು, ನನ್ನ ಗಂಡ ಸತ್ತಾಗ ನನ್ನ ಬಾಯಿಗೆ ಸೆರಗಿನ ತುದಿ ತುರುಕಿದ್ದರು, ಅದಕ್ಕಿಂತ ಕ್ಲಿಪ್ಪು ಎಷ್ಟೋ ವಾಸಿ, ಗಾಳಿ ಆಡುತ್ತದೆ.

ಕಚ್ಚಿಕೊಂಡಳು, ಬಿಡಲೂ ಇಲ್ಲ, ಆಮೇಲೆ ದಿನಾ ಬಟ್ಟೆ ಹಾಕುವಾಗ ತಾನೇ ಕ್ಲಿಪ್ಪು ಕಚ್ಚಿಕೊಂಡು ಹೋಗುತ್ತಿದ್ದಳು, ಹಲ್ಲು ಸೇರಿಸಿಕೊಂಡು ಮೂಗಿನಿಂದ ಏನೋ ಗುನುಗುತ್ತಿದ್ದಳು, ತಂತಿ ತಿರುಗಿದಷ್ಟೇ ನಿಧಾನ, ಒಂದು ಸುತ್ತು, ನಿಂತು, ಇನ್ನೊಂದು ಸುತ್ತು, ನಾನು ಸೊಳ್ಳೆಬಾಗಿಲ ಹಿಂದೆ ನಿಂತು ಬಹಳ ದಿನ ಕೇಳಿದೆ, ಯಾವ ಹಾಡು ಅಂತ ತಿಳಿಯಲಿಲ್ಲ, ಕಟ್ಟಿದವಳಿಗೇ ತಿಳಿಯಲಿಲ್ಲ ಅಂದರೆ ನೋಡಿ, ಒಂದು ದಿನ ಕೊತ್ತಂಬರಿ ಸೋಸುವಾಗ ತಟ್ಟನೆ ಗೊತ್ತಾಯಿತು, ಬಂದಾಳೆ ಸೊಸೆ ಬಂದಾಳೆ, ನನ್ನದೇ, ಕಾಲು ಮುರಿದು ತೆವಳಿಕೊಂಡು ಹೋಗುತ್ತಿದೆ, ಇಷ್ಟು ಹಾಡು ಬಿಟ್ಟು ಅದೇ ಯಾಕೆ, ಮತ್ಯಾವುದೂ ಬರುತ್ತಿರಲಿಲ್ಲವೋ ಏನೋ, ತಾಯಿ ಇದ್ದಿದ್ದರೆ ನಾಲ್ಕು ಜೋಗುಳ ಕಲಿಸಿರುತ್ತಿದ್ದಳು, ಇವಳ ಬದುಕಿನಲ್ಲಿ ಇವಳ ಮೇಲೆ ಯಾರಾದರೂ ಕಟ್ಟಿದ ಹಾಡು ಅಂತ ಇದ್ದದ್ದು ಅದೊಂದೇ — ಅವತ್ತು ನನಗೆ ಮೈ ಉರಿಯಿತು, ಕದ್ದ ಹಾಗೆ ಅನ್ನಿಸಿತು, ಅಡುಗೆಮನೆಯಲ್ಲಿ ಅವಳು ಅನ್ನ ಬಸಿಯುತ್ತಿದ್ದಾಗ ಬೆನ್ನ ಹಿಂದೆಯೇ ಅದೇ ಮಟ್ಟಿಗೆ ಇನ್ನೊಂದು ಸಾಲು ಕಟ್ಟಿ ಹಾಡಿದೆ, ತಮಾಷೆಗೆ, ಜೋರಾಗಿ ಕೂಡ ಅಲ್ಲ, ಒಂದೇ ಸಲ, ಅವಳ ಕೈಯ ಗಂಜಿ ಚೆಲ್ಲಿ ಹೆಬ್ಬೆರಳಿಗೆ ಬೊಬ್ಬೆ ಬಂತು, ತಿರುಗಲಿಲ್ಲ, ಆಗಲೂ ತಿರುಗಲಿಲ್ಲ, ಆ ಸಾಲು ಇರಲಿ, ಈಗ ಬೇಡ, ಅದನ್ನು ಇವತ್ತಿಗೆ ಇಟ್ಟುಕೊಂಡಿದ್ದೇನೆ. ಆ ವಾರವೇ ಕೆವ್ ಬೇಲಿಯ ಮೇಲೆ ಗದ್ದ ಊರಿ ಇವಳನ್ನು ಕೇಳಿದನಂತೆ, ಅದು ಆ ರೆಕಾರ್ಡಿನ ಕೋಳಿಗೂಡಿನ ಹಾಡಲ್ಲವಾ, ನಿಧಾನ ಹಾಡಿದರೆ ಹೀಗಿರುತ್ತದಾ, ಏನು ಅದರ ಅರ್ಥ, ಇವಳು ಕ್ಲಿಪ್ಪು ಬಾಯಿಂದ ತೆಗೆದು ತಂತಿಗೆ ಸಿಕ್ಕಿಸಿ, ತಾಯಿ ಇಲ್ಲದ ನನ್ನನ್ನು ನಮ್ಮತ್ತೆ ಮನೆತುಂಬಿಸಿಕೊಂಡಾಗ ಹಾಡಿದ್ದು ಅಂದಳು, ಒರಳಿನಂಥ ಸೊಂಟ ಅಂದರೆ ಮನೆಯನ್ನು ಹೊರುವಷ್ಟು ಗಟ್ಟಿ ಹೆಣ್ಣು, ಅಡಿ ಹಿಡಿದ ಹಾಲು ಅಂದರೆ ಒಲೆಯ ಮೇಲೆ ಬೆಚ್ಚಗೆ ಕಾದುಕೊಂಡಿದ್ದ ಹಾಲು, ತಟ್ಟೆ ತುಂಬ ಗಾಳಿ ಅಂದರೆ ತಟ್ಟೆ ತುಂಬ ಗಾಳಿಯೇ, ನಾನು ಬೇರೇನೂ ತರಲಿಲ್ಲ, ಅವರು ಬೇರೇನೂ ಕೇಳಲಿಲ್ಲ — ಆ ಲಾರಿಯವನು ಬೇಲಿಗೆ ತಲೆ ಕೊಟ್ಟು ಅತ್ತನಂತೆ, ಕೆವ್ ತನಗೆ ಹೇಳಿದ ಅಂತ ರಾಜಗೋಪಾಲ ಊಟಕ್ಕೆ ಕೂತಾಗ ಹೇಳಿದ, ಅನ್ನ ಕಲಸುತ್ತಾ, ನೋಡಮ್ಮ ನಿನ್ನ ಹಾಡು ಎಲ್ಲಿಗೆ ಹೋಯ್ತು ಅಂದ, ಅವನಿಗೆ ಎಲ್ಲ ಗೊತ್ತು, ಮದುವೆ ಗಂಡು ಅವನೇ ತಾನೆ, ಆದರೂ ನಕ್ಕ, ಗಂಡಸರಿಗೆ ಸುಳ್ಳು ಸುಲಭ, ಹುಳಿಯ ಜೊತೆ ಕಲಸಿ ನುಂಗಿಬಿಡುತ್ತಾರೆ, ಅವನು ಎದ್ದ ಮೇಲೆ ಇವಳನ್ನು ಕೇಳಿದೆ, ಯಾಕೇ ಸುಳ್ಳು ಹೇಳ್ದೆ ಅವನಿಗೆ, ಎಂಜಲು ತಟ್ಟೆ ಎತ್ತಿಕೊಂಡು ಮೆಲ್ಲಗೆ ಅಂದಳು, ನಿಜ ಹೇಳಿದ್ರೆ ನನಗೇ ನಾಚಿಕೆ ಅತ್ತೆ, ಯಾವ ಥರದ ಮನೆಗೆ ಬಂದಿದೀನಿ ಅಂತ ಗೊತ್ತಾಗ್ಬಿಡತ್ತೆ.

ಅಲ್ಲಿಂದ ಹಾಡಿಗೆ ಕಾಲು ಬಂತು, ರೆಕ್ಕೆ ಬಂತು, ನನಗೆ ಗ್ರಹಚಾರ ಬಂತು, ಕೆವ್ ಅದಕ್ಕೆ ಇಂಗ್ಲಿಷ್ ಮಾತು ಹೊಂದಿಸಿ ಗಿಟಾರಿನ ಮೇಲೆ ಹಾಡಿ ಎ ಪ್ಲೇಟ್‌ಫುಲ್ ಆಫ್ ವಿಂಡ್ ಅಂತ ರೆಕಾರ್ಡು ಬಿಟ್ಟ, ಇದಕ್ಕೆ ಕವರ್ ಅಂತಾರೆ ಅಮ್ಮ, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡೋದು, ಅಂತ ಸಿದ್ದಲಿಂಗಯ್ಯ ವಿವರಿಸಿದ, ದಿಂಬಿನ ಕವರಾ ಅಂದೆ, ಹೌದು ಅಮ್ಮ ಒಳಗಿರೋದು ನಿಮ್ಮದೇ ಹತ್ತಿ ಅಂದ, ಹತ್ತಿಯಲ್ಲಪ್ಪ ಅದು, ಮುಳ್ಳು, ಮುಳ್ಳು ತುಂಬಿದ ದಿಂಬಿನ ಮೇಲೆ ಇವನು ರೇಷ್ಮೆ ಹೊಲಿದ — ಮೊದಲ ವರ್ಷ ಪರ್ತಿನಲ್ಲಿ ನಾಯಿ ಕೂಡ ಮೂಸಲಿಲ್ಲ, ನಾನು ಸಂತೋಷವಾಗಿದ್ದೆ, ಆಮೇಲೆ ಇವನ ಲಾರಿ ಸ್ನೇಹಿತರು ಕ್ಯಾಸೆಟ್ಟು ಹಾಕಿಕೊಂಡು ಆ ಮರ ಕಾಣದ ಬಯಲಿನ ರಸ್ತೆಯಲ್ಲಿ ಅಡಿಲೇಡಿನ ತನಕ ಹೊತ್ತು ತಂದರು, ದಾರಿಯ ಒಂದೊಂದು ಬಂಕಿನಲ್ಲೂ, ಸರ್ವೋ ಅನ್ನುತ್ತಾರೆ ಇಲ್ಲಿ, ಪೆಟ್ರೋಲಿನ ಜೊತೆ ಅದನ್ನೂ ತುಂಬಿಸಿಕೊಂಡರು, ನಾವು ಅಷ್ಟರಲ್ಲಿ ಅಡಿಲೇಡಿನ ಸ್ಯಾಲಿಸ್‌ಬರಿಗೆ ಬಂದಿದ್ದೆವು, ರಾಜಗೋಪಾಲನಿಗೆ ಅಲ್ಲಿ ಕ್ಲಿನಿಕ್ಕು, ಮೈತ್ರೇಯಿ ಪುಟ್ಟವಳು, ಹಾಡು ನಮ್ಮ ಬೆನ್ನಿಗೇ ಬಂತು ಸಾಲಗಾರನ ಹಾಗೆ, ರೇಡಿಯೋದವನೊಬ್ಬ ತನ್ನ ಹೆಂಡತಿ ಸತ್ತ ವಾರ ದಿನಾ ಸಂಜೆ ಅದನ್ನೇ ಹಾಕಿದ, ಫ್ಯಾಕ್ಟರಿಯಿಂದ ಬರುವವರು ಬಸ್ಸಿನಲ್ಲಿ ಕೇಳಿ ಮನೆಗೆ ಹೋಗಿ ಹೆಂಡಿರನ್ನು ತಬ್ಬಿಕೊಂಡರಂತೆ, ಮದುವೆಗೆ ಅದೇ, ಸಾವಿಗೆ ಅದೇ, ಬಾರ್ಬಿ ಒಲೆಯಲ್ಲಿ ಮಾಂಸ ಸುಡುತ್ತಾ ಅದೇ, ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಹೂಕೋಸು ಹಿಡಿದು ನಿಂತಿದ್ದರೆ ಮೇಲಿನಿಂದ ನನ್ನ ಬೈಗುಳ ಪನ್ನೀರಾಗಿ ಸುರಿಯುತ್ತಿತ್ತು, ಇವನು ಟೀವಿಯಲ್ಲಿ ಕೂತು ಕ್ಲಿಪ್ಪಿನ ಕಥೆ ಹೇಳಿದ, ಆ ತಾಯಿ ಕೈತುಂಬ ಕೆಲಸ ಇಟ್ಟುಕೊಂಡು ಕ್ಲಿಪ್ಪು ಕಚ್ಚಿಕೊಂಡು ಅತ್ತೆಯ ಪ್ರೀತಿಯನ್ನು ಗುನುಗುತ್ತಿದ್ದಳು ಅಂತ, ಅಂದಿನಿಂದ ಇವನ ಹಾಡಿಗೆ ಬರುವವರೆಲ್ಲ ಕ್ಲಿಪ್ಪು ತಂದು ಕೊನೆಗೆ ಕಚ್ಚಿಕೊಂಡು ಗುನುಗುವುದು ಪದ್ಧತಿಯಾಯಿತು, ಜನಕ್ಕೆ ಮೂಳೆ ಹಾಕಿದರೂ ಕಚ್ಚುತ್ತಾರೆ. ಸ್ಯಾಲಿಸ್‌ಬರಿಯಲ್ಲಿ ಮಗನ ರೋಗಿಗಳು ನನ್ನನ್ನು ನೋಡುವುದಕ್ಕೆ ಬಂದರು, ಕೇಕು ತಂದರು, ನನ್ನ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡರು, ಪ್ರಪಂಚದಲ್ಲೇ ಒಳ್ಳೆಯ ಅತ್ತೆಯಂತೆ ನಾನು, ನಮ್ಮ ಕನ್ನಡದ ಹೊಸ ಸೊಸೆಯರು ಕೂಡ, ಇಂದಿರಾ ಆಂಟಿ ನಿಮ್ಗೆ ಸಿಕ್ಕಿರೋ ಅತ್ತೆ ನಮ್ಗೂ ಸಿಗ್ಬಾರ್ದಿತ್ತಾ ಅಂದರು, ಹಾಡು ಕೇಳಿದರೆ ಗೊತ್ತಾಗುವುದಿಲ್ಲವೇನ್ರೇ ಬೈಗುಳ ಅಂತ ಅಂದೆ, ಪ್ರೀತಿ ಇಲ್ದೆ ಯಾರಾದ್ರೂ ಹಂಗಿಸ್ತಾರಾ ಅಹಲ್ಯಮ್ಮ ಅಂತ ನಕ್ಕರು, ಅವರೂ ಒಂದು ಕವರ್ ಹಾಕಿದರು — ನಾನು ಬೈದದ್ದು ಬೈದದ್ದೇ ಅಂತ ಹೇಳಿದರೂ ನಂಬುವವರಿಲ್ಲ, ಇದಕ್ಕಿಂತ ಶಿಕ್ಷೆ ಬೇಕಾ, ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಅಂತ ನಾನು ಬಾಯಿ ತೆರೆದರೆ ಸಾಕು, ಇವಳು ಒಂದೂ ಮಾತಾಡದೆ ಎದ್ದು ಹೋಗಿ ಆ ರೆಕಾರ್ಡಿನ ಮೇಲೆ ಮುಳ್ಳು ಇಟ್ಟು ಬಂದು ಕೂರುತ್ತಿದ್ದಳು, ಅಡಿಲೇಡಿನಲ್ಲಿ, ಆಮೇಲೆ ಇಲ್ಲಿ ಬ್ರಿಸ್ಬೇನಿನಲ್ಲಿ, ನನ್ನ ಹಾಡಿನಿಂದಲೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು, ಮೈತ್ರೇಯಿ ಅದಕ್ಕೆ ಕುಣಿಯುತ್ತಿದ್ದಳು, ಅಜ್ಜಿ ಯು ಆರ್ ಸೋ ಸ್ವೀಟ್ ಅನ್ನುತ್ತಿದ್ದಳು.

ಕರೆದ, ಕರೆದೇಬಿಟ್ಟ, ಲೇಡೀಸ್ ಆಂಡ್ ಅಂತ ಏನೋ ಅಂದು ಅಹಲ್ಯಾ ಅನ್ನುವುದನ್ನು ಅಗಿದು ಉಗುಳಿ ಕೈ ಚಾಚಿದ, ಇಂದಿರಾ ನನ್ನ ಮೊಣಕೈ ಹಿಡಿದಳು, ಬೆರಳು ತಣ್ಣಗಿದೆ, ಹೆದರಿದ್ದಾಳೆ, ಒಳ್ಳೆಯದು, ದೀಪ ಕಣ್ಣಿಗೆ ಹೊಡೆಯಿತು, ಹತ್ತು ಸೂರ್ಯ ಒಟ್ಟಿಗೆ ಹುಟ್ಟಿದ ಹಾಗೆ, ಮೊದಲ ಸಲ ನಾನು ಸಂದಿಯ ಈ ಕಡೆ, ಮುಖ ತೋರಿಸಿಕೊಂಡು, ಬಿಳಿ ಸೀರೆ ಉಟ್ಟ ಮುದುಕಿ ಮಂಟಪದ ನಟ್ಟನಡುವೆ, ನಾದಿನಿ ಇದ್ದಿದ್ದರೆ ಎದೆ ಒಡೆದು ಸಾಯುತ್ತಿದ್ದಳು — ಚಪ್ಪಾಳೆ ನಿಂತಿತು, ಶುರು ಮಾಡಿದೆ, ಕೆವ್ ಗಿಟಾರಿನಲ್ಲಿ ನಿಧಾನ ಮೀಟಿದ, ಅವನನ್ನು ಹಿಂದೆ ಬಿಟ್ಟು ಓಡಿದೆ, ಛತ್ರದಲ್ಲಿ ಹಾಡಿದ ವೇಗದಲ್ಲೇ, ಒರಳಿನಂಥ ಸೊಂಟ ಹೊತ್ತು ಬಂದಾಳೆ, ಅನ್ನುತ್ತಾ ಇವಳ ಸೊಂಟದ ಕಡೆ ಕೈ ಕೂಡ ತೋರಿಸಿದೆ, ಇಂದಿರಾ ಮೈಕಿಗೆ ಬಗ್ಗಿ ತಣ್ಣಗೆ ಇಂಗ್ಲಿಷಿನಲ್ಲಿ ಹೇಳಿದಳು, ಮನೆಯನ್ನು ಹೊರುವ ಕಲ್ಲಿನ ಹಾಗೆ ಬಂದಳು, ಜನ ಆಹಾ ಅಂತ ಉಸಿರು ಬಿಟ್ಟರು, ಅಡಿ ಹಿಡಿದ ಹಾಲು ಅಂದೆ, ಕಾದು ಬೆಚ್ಚಗಾದ ಹಾಲು ಅಂದಳು, ತಡಿ ನಿನಗೆ, ಹೊಸದು ಕಟ್ಟಿದೆ, ನಿಂತಲ್ಲೇ, ಗಂಡನ ನೆರಳಲ್ಲಿ ಗೂಬೆ ಕೂತಾಳೆ, ಅತ್ತೆಯ ಅನ್ನಕ್ಕೆ ಉಪ್ಪು ಸುರಿದಾಳೆ, ಇದನ್ನು ಏನು ಮಾಡ್ತೀಯ ಮಾಡು, ರೆಪ್ಪೆ ಹೊಡೆಯಲಿಲ್ಲ ಇವಳು, ಮರದ ನೆರಳಲ್ಲಿ ಹಕ್ಕಿ ಬಂದು ಕೂತಿತು, ನಮ್ಮ ಊಟಕ್ಕೆ ರುಚಿ ಬಂತು, ಮುಂದಿನ ಸಾಲಿನ ದಪ್ಪ ಹೆಂಗಸು ಕಣ್ಣೊರೆಸಿಕೊಂಡಳು, ಎರಡನೇ ಸಾಲಿನಲ್ಲಿ ಮೈತ್ರೇಯಿ ಮಾತ್ರ ನಗುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದಾಳೆ, ಅವಳಿಗೆ ಎರಡೂ ಕಿವಿಯಲ್ಲಿ ಎರಡು ಹಾಡು ಬೀಳುತ್ತಿದೆ, ಬೀಳಲಿ, ರಾಜಗೋಪಾಲ ತನ್ನ ಬೂಟು ನೋಡುತ್ತಿದ್ದಾನೆ, ಆ ಬೂಟಿನಲ್ಲಿ ಏನು ಸಿನಿಮಾ ಓಡುತ್ತಿದೆಯೋ, ನಾನು ಬೆವತೆ, ನನ್ನ ಅಷ್ಟೂ ಬಾಣ ಇವಳ ಬಾಯಲ್ಲಿ ಹೂವಾಗಿ ಬೀಳುತ್ತಿದೆ, ಎಲ್ಲಿಂದ ಕಲಿತಳು, ಮೊದಲ ಸಲ ಇವಳು ಎದುರು ಹಾಡುತ್ತಿದ್ದಾಳೆ ಅನ್ನಿಸಿತು, ಒಂದು ಕ್ಷಣ ಖುಷಿಯೇ ಆಯಿತು, ಎಲಾ ಇವಳ, ಗೋಡೆ ಚೆಂಡು ಎಸೆಯುತ್ತಿದೆ — ಆದರೆ ಗೆಲ್ಲುವುದು ನಾನು, ಒಂದು ಸಾಲು ಇಟ್ಟುಕೊಂಡಿದ್ದೇನಲ್ಲ, ಅದಕ್ಕೆ ಯಾವ ಹೂವು ಹೊದಿಸುತ್ತೀಯೋ ಹೊದಿಸು, ವೇಗ ಕಡಿಮೆ ಮಾಡಿದೆ, ಯಾಕೋ ಗೊತ್ತಿಲ್ಲ, ಅದು ಓಡುತ್ತಲೇ ಇರಲಿಲ್ಲ, ತೊಟ್ಟಿಲ ತುಂಬ, ಅಂದೆ, ಅವಳ ತಲೆ ತಿರುಗಿತು, ನನ್ನ ಕಡೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹಾಡಿನ ನಡುವೆ ನನ್ನ ಕಡೆ, ತೊಟ್ಟಿಲ ತುಂಬ ಗಾಳಿ ತೂಗ್ಯಾಳೆ.

ಗಿಟಾರು ನಿಂತಿತು, ಮೈಕಿನಲ್ಲಿ ಇವಳ ಉಸಿರು ಕೇಳಿಸುತ್ತಿದೆ, ಹೇಳೇ, ಈಗ ಹೇಳು, ಸುಳ್ಳು ಹೇಳು, ಇಲ್ಲ ಮುಂಡೆ ಅಂತ ಅನ್ನು, ಚೀರು, ನನ್ನ ಕೆನ್ನೆಗೆ ಹೊಡಿ, ಏನಾದರೂ ಒಂದು ಮಾಡು, ಎರಡನೇ ಸಾಲಿನಿಂದ ಮೈತ್ರೇಯಿಯ ದನಿ, ಡ್ಯಾಡ್, ವಾಟ್ ತೊಟ್ಟಿಲು, ಅವಳಿಗೆ ಯಾರೂ ಹೇಳಿಲ್ಲ ಅವಳಿಗೆ ಮುಂಚೆ ಒಬ್ಬನಿದ್ದ ಅಂತ, ರಾಜಗೋಪಾಲ ಮುಖ ಎತ್ತಲಿಲ್ಲ, ಇಂದಿರಾ ಇನ್ನೂ ನನ್ನನ್ನೇ ನೋಡುತ್ತಿದ್ದಾಳೆ, ಕಣ್ಣಿನಲ್ಲಿ ನೀರಿಲ್ಲ, ಅಳುವುದಿಲ್ಲ ಇವಳು, ಮೆಲ್ಲಗೆ ಮೈಕಿನ ಕಡೆ ತಿರುಗಿದಳು, ಹೇಳಿದಳು, ಒಂದಕ್ಷರ ಹೊದಿಸದೆ, ಒಂದಕ್ಷರ ಬಿಡದೆ, ಶಿ ರಾಕ್ಡ್ ಎ ಕ್ರೇಡಲ್‌ಫುಲ್ ಆಫ್ ವಿಂಡ್, ಅಷ್ಟು ಇಂಗ್ಲಿಷು ನನಗೂ ಬರುತ್ತದೆ, ನಿಜ, ಬರೀ ನಿಜ, ಹೇಳಿಬಿಟ್ಟಳು, ಹೇಳಿ ಅದೇ ಉಸಿರಿನಲ್ಲಿ ನನ್ನನ್ನು ತೋರಿಸಿ, ಈ ಸಾಲು ನನ್ನತ್ತೆ ನನಗಾಗಿಯೇ ಕಟ್ಟಿದ್ದು, ನನ್ನ ಮಗ ಹೋದಾಗ, ಅಂದಳು, ಗೆದ್ದೆ ಅಂದುಕೊಂಡೆ, ಈಗ ಗೊತ್ತಾಗುತ್ತದೆ ಎಲ್ಲರಿಗೂ ನಾನು ಎಂಥವಳು ಅಂತ — ಒಬ್ಬರೂ ಕಲ್ಲು ಎಸೆಯಲಿಲ್ಲ, ಇಡೀ ಸಭೆ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು, ದಪ್ಪ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು, ಟೋಪಿಯ ಮುದುಕ ಟೋಪಿ ತೆಗೆದು ಎದ್ದು ನಿಂತ, ಒಬ್ಬೊಬ್ಬರೇ ಎದ್ದರು, ಕೆವ್ ಗಿಟಾರು ಬೆನ್ನಿಗೆ ತಿರುಗಿಸಿ ಬಂದು ನನ್ನ ಎರಡೂ ಕೈಗೆ ಮುತ್ತಿಟ್ಟ, ಅವನ ಗಡ್ಡ ಒದ್ದೆ, ಇಷ್ಟು ವರ್ಷ ಈ ಸಾಲೇ ಸಿಕ್ಕಿರಲಿಲ್ಲ, ಇನ್ನು ಮೇಲೆ ಪ್ರತಿ ಸಲ ಇದನ್ನು ಹಾಡುತ್ತೇನೆ ಅಂತ ಇಂದಿರಾಳಿಗೆ ಹೇಳಿದ, ಅವಳು ನನಗೆ ಹೇಳಿದಳು, ಮೆಲ್ಲಗೆ, ಕಿವಿಯ ಹತ್ತಿರ, ಇನ್ಮೇಲೆ ಎಲ್ಲ ಕಡೆ ಹಾಡ್ತಾರಂತೆ ಅತ್ತೆ, ಸರ್ವೋದಲ್ಲಿ, ಅಂಗಡೀಲಿ, ನೀವು ತರಕಾರಿ ಆರಿಸ್ತಾ ಇರ್ತೀರಲ್ಲ, ಅಲ್ಲೂ, ಸಾಯೋತನಕ ಕೇಳ್ತಾ ಇರಿ — ಅದೇ ಅವಳ ಉತ್ತರ, ಇಪ್ಪತ್ತು ವರ್ಷ ತಡವಾಗಿ ಬಂದ ಬೀಗರ ಹಾಡು, ನಗುಮುಖದಲ್ಲಿ, ಜನಕ್ಕೆ ಅವಳು ನನ್ನ ಕಿವಿಗೆ ಮುತ್ತಿಟ್ಟ ಹಾಗೆ ಕಂಡಿರಬೇಕು, ಕೈ ತಟ್ಟುತ್ತಿದ್ದಾರೆ, ನಾನು ತಿರುಗಿ ಏನಾದರೂ ಅನ್ನಬೇಕು, ಒಂದು ಸಾಲು, ಅರ್ಧ ಸಾಲು, ನಾಲಿಗೆಯ ಮೇಲೆ ಯಾವಾಗಲೂ ನೂರು ಇರುತ್ತಿತ್ತು, ಈಗ ಒಣಗಿದ ಬಾವಿ, ಅಷ್ಟರಲ್ಲಿ ಸಭೆಯಲ್ಲೆಲ್ಲ ಟಪಟಪ ಕ್ಲಿಪ್ಪು ಹೊರಬಂತು, ಬಾಯಿಗೆ ಹೋಯಿತು, ಲಕ್ಷ ಬಾಯಿ ಮುಚ್ಚಿಕೊಂಡವು, ಗುನುಗು ಶುರುವಾಯಿತು, ಮೋರ್ಲಿಯ ತಂತಿ ತಿರುಗಿದಷ್ಟೇ ನಿಧಾನ, ಒಂದು ಸುತ್ತು, ನಿಂತು, ಇನ್ನೊಂದು ಸುತ್ತು, ಮೈತ್ರೇಯಿ ಒಬ್ಬಳೇ ಬಾಯಿಗೆ ಇಟ್ಟುಕೊಳ್ಳದೆ ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡುತ್ತಾ ಕೂತಿದ್ದಾಳೆ, ಇಂದಿರಾ ಪರ್ಸು ತೆರೆದಳು, ಕರವಸ್ತ್ರ ಬಿಚ್ಚಿದಳು, ಒಳಗೆ ಒಂದು ಕ್ಲಿಪ್ಪು, ಬೂದು ಬಣ್ಣಕ್ಕೆ ತಿರುಗಿದ್ದು, ಸ್ಪ್ರಿಂಗು ತುಕ್ಕು ಹಿಡಿದದ್ದು, ಮಗುವಿಗೆ ತುತ್ತು ಕೊಡುವ ಹಾಗೆ ನನ್ನ ಗದ್ದ ಹಿಡಿದಳು, ಜನ ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು, ಬಾಯಿ ತೆಗೀರಿ ಅತ್ತೆ ಅಂದಳು, ತೆಗೆದೆ, ಕಚ್ಕೊಂಡಿರಿ, ಹಾಡು ಮುಗಿಯೋವರೆಗೂ ಬಿಡ್ಬೇಡಿ, ಮರ, ಒಣ ಮರ, ಸೋಪಿನ ರುಚಿ, ಉಪ್ಪು ಗಾಳಿಯ ರುಚಿ, ಮೇಲೆ ಹಳೆಯ ಹಲ್ಲಿನ ಗುರುತು, ಎರಡು ಸಣ್ಣ ತಗ್ಗು, ಅವಳದು, ನನ್ನ ಕಟ್ಟಿಸಿದ ಹಲ್ಲು ಹುಡುಕಿಕೊಂಡು ಹೋಗಿ ಸರಿಯಾಗಿ ಅದರೊಳಗೇ ಕೂತಿತು, ಎರಡು ತಗ್ಗು, ಕ್ಲಿಪ್ಪು, ಎರಡು ತಗ್ಗು —